ಎರಡು ದಾಳದ ಆಟ, ಮುಗಿಯದ ಕಾಳಗ: ನಿಯಮ ತಿದ್ದಿ ಪಳಗಿದವರು ಹೇಳಿ

ಹೊಸಗರ: ನಾನು ಬರೆದ ಆರ್‌ಪಿಜಿಯಲ್ಲಿ (ಪಾತ್ರ ವಹಿಸಿ ಆಡೋ ಆಟ) ಆರುಮುಖದ ಎರಡು ದಾಳ ಹಾಕಿ ಮಾಡಿಫೈಯರ್, ಅಂದರೆ ಪಾತ್ರದ ಗುಣದ ಅಂಕಿ, ಕೂಡಿಸಬೇಕು. 6 ಅಥವಾ ಕೆಳಗೆ ಸೋಲು, 7–9 ಅರೆಗೆಲುವು, 10 ಅಥವಾ ಮೇಲೆ ಪೂರ್ತಿ ಗೆಲುವು. ಶತ್ರುವಿಗೆ 24 ಎಚ್‌ಪಿ (ಜೀವದ ಅಂಕ). 7 ಅಥವಾ ಮೇಲೆ ಬಿದ್ದರೆ ಪೆಟ್ಟು, ಅದು ಒಂದು ದಾಳದಷ್ಟು. ಕವಚವಿದ್ದರೆ ಅದರಲ್ಲಿ 2 ಕಳೆಯಬೇಕು. ನಿಯಮದ ಪುಸ್ತಕ ಒಟ್ಟು 34 ಪುಟ. ಕಾಳಗ ಮುಗಿಯೋದೇ ಇಲ್ಲ, ಐದಾರು ಸೆಷನ್ ಕಳೆದ ಮೇಲೆ ಯಾರೂ ಸೋಲೋದೂ ಇಲ್ಲ. ದಾಳ ಬದಲಿಸಲೋ, ನಿಯಮ ಕತ್ತರಿಸಲೋ?

ಮುಕ್ಕಾಲುಗರ: ದಾಳದ್ದೇನೂ ತಪ್ಪಿಲ್ಲ. ಮಾಡಿಫೈಯರನ್ನ ಬೆಳೆಯೋಕೆ ಬಿಟ್ಟದ್ದು ತಪ್ಪು. ನನ್ನ ಆಟದಲ್ಲಿ ಅದು +3ರ ತನಕ ಹೋಗ್ತಿತ್ತು. 36 ಜೋಡಿ ಬರೆದು ಎಣಿಸಿ. ಮಾಡಿಫೈಯರ್ ಸೊನ್ನೆ ಇದ್ದಾಗ ಸೋಲು 15, ಅರೆ 15, ಪೂರ್ತಿ 6. +1ಕ್ಕೆ 10, 16, 10. +2ಕ್ಕೆ 6, 15, 15. +3ಕ್ಕೆ 3, 12, 21. ಶೇ 41.7 ಇದ್ದ ಸೋಲು ಶೇ 8.3ಕ್ಕೆ ಕುಸೀತು. ಈ ಬಗೆಯ ಆಟದ ರುಚಿಯೆಲ್ಲ ಅರೆಗೆಲುವಿನಲ್ಲಿ, ಅದೂ ಮೂರರಲ್ಲಿ ಒಂದು ಪಾಲಿಗೆ ಬಂತು.

+2ಕ್ಕೆ ಬೇಲಿ ಹಾಕಿದ್ದಾಯ್ತು. ಆದರೆ 9 ಪಾತ್ರವರ್ಗ, ವರ್ಗಕ್ಕೆ 10 ಬಡ್ತಿ. ಆ 90ರಲ್ಲಿ 27 ಬರೀ ‘ಒಂದು ಗುಣಕ್ಕೆ +1’. ಆ ಇಪ್ಪತ್ತೇಳನ್ನೂ ಕಿತ್ತು ಹೊಸ ಸಾಮರ್ಥ್ಯ ಬರೀಬೇಕಾಯ್ತು. ಬರೆದ ಮೇಲೂ ಒಂದು ತೂತು ಉಳೀತು. ಜೊತೆಗಾರ ಕೈಗೂಡಿಸಿದರೆ ಸಿಗೋ ಸಹಾಯದ +1 ಬೇಲಿಯ ಒಳಗೋ ಹೊರಗೋ ಅಂತ ಎಲ್ಲೂ ಹೇಳಿರಲಿಲ್ಲ. ಹೇಳದೆ ಬಿಟ್ಟದ್ದನ್ನ ಆಟಗಾರರು ತಮಗೆ ಬೇಕಾದ ಹಾಗೇ ಓದ್ತಾರೆ. +3 ಹಿಂಬಾಗಿಲಿಂದ ವಾಪಸ್.

ಹಿಡಿದಾಳ: ಕೂಡೋದು ಕಳೆಯೋದು ಯಾಕೆ ಬೇಕು? ಕೌಶಲ ಎಷ್ಟೋ ಅಷ್ಟು ದಾಳ ಹಿಡಿದು ಹಾಕಿ, ದೊಡ್ಡದೊಂದನ್ನ ನೋಡಿ. 6 ಗೆಲುವು, 4–5 ಅರೆ, ಉಳಿದದ್ದು ಸೋಲು. ಒಂದು ದಾಳಕ್ಕೆ ಸೋಲು ಶೇ 50, ಎರಡಕ್ಕೆ 25, ಮೂರಕ್ಕೆ 12.5. ಅರೆಗೆಲುವು ಮಾತ್ರ ಎರಡು, ಮೂರು, ನಾಲ್ಕು ದಾಳಕ್ಕೂ ಶೇ 42–45ರಲ್ಲೇ ನಿಲ್ಲುತ್ತೆ. ನನ್ನ ಆಟವನ್ನ ಇದಕ್ಕೆ ತಿರುಗಿಸಿ ಪಶ್ಚಾತ್ತಾಪವಿಲ್ಲ. ತೊಡಕಾಗಿದ್ದು ಸೊನ್ನೆ ದಾಳದಲ್ಲಿ: ಕೌಶಲವೇ ಇಲ್ಲದವನು ಏನು ಹಾಕಬೇಕು? ಮೊದಲ ಕರಡಿನಲ್ಲಿ ಅದು ಬಿಟ್ಟೇ ಹೋಗಿತ್ತು. ಎರಡು ಹಾಕಿ ಚಿಕ್ಕದನ್ನ ಎತ್ತಬೇಕು. ಸೋಲು ಶೇ 75, ಪೂರ್ತಿ ಗೆಲುವು 36ಕ್ಕೆ ಒಂದೇ ಸಲ. ಆಮೇಲೆ ಪಾತ್ರದ ಹಾಳೆ, ಆರು ಸಲ ಬದಲಾಯ್ತು. ಅಂಕಿ ಬರೆಯೋ ಚೌಕ ತೆಗೆದು ಚುಕ್ಕೆ ಇಟ್ಟರೆ ಆ ಚುಕ್ಕೆ ಪೆನ್ಸಿಲ್ ಮೊನೆಗೆ ಸಿಗುವಷ್ಟು ದೊಡ್ಡದಿರಬೇಕು, ಪರದೆಯ ಮೇಲೆ ಎಲ್ಲವೂ ದೊಡ್ಡದಾಗೇ ಕಾಣುತ್ತೆ.

ಮುಕ್ಕಾಲುಗರ: ನಾಲ್ಕು ದಾಳಕ್ಕೆ ಸೋಲೆಷ್ಟು ಅಂತ ಜಾಣತನದಿಂದ ಬಿಟ್ಟಿರಿ. ಶೇ 6.25. ನನ್ನ +3ಗಿಂತ ಕಡಿಮೆ! ಅದೇ ರೋಗ, ಔಷಧದ ಚೀಟಿ ಬೇರೆ.

ಹಿಡಿದಾಳ: ನಾಲ್ಕನೇ ದಾಳ ಪುಕ್ಕಟೆ ಸಿಗಲ್ಲ ಸ್ವಾಮಿ. ಪಾತ್ರಕ್ಕೆ ಖರ್ಚು ಮಾಡೋಕೆ ಇರೋ 9 ದಮ್ಮಿನಲ್ಲಿ 2 ತೆತ್ತರೆ ಮಾತ್ರ. ಕೇಳದೆ ಜಗಳಕ್ಕೆ ಬರಬೇಡಿ.

ಕೆಂಪುಶಾಯಿ: ಇಬ್ಬರೂ ಕವಚದ ಲೆಕ್ಕ ಬಿಟ್ಟಿರಲ್ಲ. ನನ್ನ ಆಟದ ಶತ್ರುವಿಗೂ ಇದೇ 24 ಇತ್ತು. ಮಾಡಿಫೈಯರ್ ಇಲ್ಲದೆ ಪೆಟ್ಟು ತಾಗೋದು 36ಕ್ಕೆ 21, ಪೆಟ್ಟಿನ ಸರಾಸರಿ 3.5. ಎಸೆತಕ್ಕೆ 2.04 ಬಿತ್ತು, 12 ಎಸೆತಕ್ಕೆ ಶತ್ರು ಮಲಗ್ತಾನೆ. ಕವಚದ 2 ಕಳೀರಿ: ದಾಳದ 1, 2 ಎರಡೂ ಸೊನ್ನೆ, ಸರಾಸರಿ 1.67, ಎಸೆತಕ್ಕೆ 0.97. ಈಗ 25 ಎಸೆತ! ನಾಲ್ವರು ಆಡುವಾಗ ಮೂರು ಸುತ್ತಿನ ಕೆಲಸ ಆರು ದಾಟಿತು. ಮೇಲಾಗಿ ತಾಗಿದ ಪೆಟ್ಟಲ್ಲಿ ಮೂರಕ್ಕೊಂದು ‘ತಾಗಿತು, ಏನೂ ಆಗಲಿಲ್ಲ’.

ಕಳೆಯೋ ಕವಚ ತೆಗೆದು ಎರಡು ಚೌಕ ಕೊಟ್ಟೆ. ಒಂದು ಚೌಕ ಹೊಡೆದು ಹಾಕಿದರೆ ಒಂದು ಪೆಟ್ಟು ಪೂರ್ತಿ ರದ್ದು, ಎರಡೂ ಹೋದ ಮೇಲೆ ಮೈ ಬರಿದು. ಎಚ್‌ಪಿ 12ಕ್ಕೆ ಇಳಿಸಿದೆ. ಒಂಬತ್ತು ಹತ್ತು ಎಸೆತಕ್ಕೆ ಮುಗೀತದೆ.

ಹೆಸರು ಬದಲಿಸೋದಿದ್ದರೆ ಲೇಔಟಿಗೆ ಮೊದಲೇ ಬದಲಿಸಿ. ‘ಶಕ್ತಿ’ಯನ್ನ ‘ದಮ್ಮು’ ಮಾಡೋಕೆ ಹುಡುಕು-ಬದಲಿಸು ಒತ್ತಿದರೆ ‘ದಮ್ಮುಯಿಂದ’, ‘ದಮ್ಮುಗೆ’ ಅಂತ 61 ಕಡೆ. ‘ಮಂತ್ರದಮ್ಮು’ ಬೇರೆ. ಒಬ್ಬ ‘ದಮ್ಮುಶಾಲಿ’ ರಾಜನೂ ಹುಟ್ಟಿಕೊಂಡ. ವಿಭಕ್ತಿ ನೋಡ್ತಾ ಒಂದೊಂದಾಗಿ ತಿದ್ದೋದೇ ದಾರಿ. ತಿದ್ದುವಾಗ ಸಾಲು ಜಾರಿ 36 ಪುಟ 37 ಆಯ್ತು. ನಡುವೆ ಪಿನ್ ಹೊಡೆಯೋ ಪುಸ್ತಕ ನಾಲ್ಕರ ಲೆಕ್ಕದಲ್ಲೇ ಹೋಗೋದು, ಹಾಗಾಗಿ 40. ಮೂರು ಪುಟ ಖಾಲಿ.

ತೂಗುಬಾವಲಿ: ಇಷ್ಟು ಒದ್ದಾಟ ಯಾಕೆ? 2023ರ ಜನವರಿಯಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆರ್‌ಪಿಜಿಯ ಎಸ್‌ಆರ್‌ಡಿ 5.1 (ಮೂಲ ನಿಯಮಗಳ ಕಡತ) ಕ್ರಿಯೇಟಿವ್ ಕಾಮನ್ಸ್ ಬಿವೈ 4.0 ಎಂಬ ಮುಕ್ತ ಪರವಾನಗಿಯಲ್ಲಿ ಸಿಗ್ತದೆ. ಋಣ ಸೂಚಿಸೋ ಸಾಲು ಹಾಕಿ, ಎತ್ತಿಕೊಳ್ಳಿ. ನನ್ನದು ಅದರ ಮೇಲೇ ನಿಂತಿದೆ. ಇಪ್ಪತ್ತುಮುಖದ ದಾಳ ಎರಡು ಸಲ ಹಾಕಿ ದೊಡ್ಡದನ್ನ ಎತ್ತೋದು, ಅಂದರೆ +5.

ಮುಕ್ಕಾಲುಗರ: 11 ಬೇಕಿದ್ದಾಗ ಮಾತ್ರ +5. ಶೇ 50 ಹೋಗಿ 75 ಆಗುತ್ತೆ, ಸರಿ. 20 ಬೇಕಿದ್ದರೆ ಶೇ 5 ಇದ್ದದ್ದು 9.75, ಅಂದರೆ +1ರಷ್ಟೂ ಇಲ್ಲ. ಎತ್ತಿಕೊಂಡ ನಿಯಮವನ್ನ ಒಮ್ಮೆಯಾದರೂ ಎಣಿಸಿ ನೋಡಬೇಕಪ್ಪ.

ತೂಗುಬಾವಲಿ: 20 ಬೇಕಾಗೋ ಸಂದರ್ಭ ಬರೆಯೋ ಜಿಎಂಗೆ (ಆಟ ನಡೆಸೋನಿಗೆ) ಬುದ್ಧಿ ಹೇಳಿ, ನನಗಲ್ಲ.

ಹೊಸಗರ: ಕವಚಕ್ಕೆ ಎರಡು ಚೌಕ, ಗುಣಕ್ಕೆ +2 ಮಿತಿ. ಇಷ್ಟು ಮಾಡಿ ನೋಡ್ತೀನಿ. ಸಹಾಯದ +1 ಒಳಗೋ ಹೊರಗೋ?

ಮುಕ್ಕಾಲುಗರ: ಒಳಗೆ.

ಹಿಡಿದಾಳ: ಹೊರಗೆ. ಒಳಗಿಟ್ಟರೆ +2 ಇರೋನಿಗೆ ಯಾರು ಕೈಗೂಡಿಸ್ತಾರೆ?

ಕೆಂಪುಶಾಯಿ: ಎಲ್ಲಾದರೂ ಇಡಿ, ಆ ವಾಕ್ಯ ಸಹಾಯದ ನಿಯಮದ ಕೆಳಗೇ ಇರಲಿ. ಆಟದ ಮಧ್ಯೆ ತೆರೆಯೋದು ಆ ಪುಟ, ಮಿತಿಯ ಪುಟ ಅಲ್ಲ.