ಸೈರನ್ ನಿಂತ ಮೇಲೂ ನಿದ್ದೆ ಬಾರದವರಿಗೆ

(ಕಳೆದ ಸಂಚಿಕೆಯ ಸಮಸ್ಯೆ: 108 ಆಂಬುಲೆನ್ಸ್‌ನಲ್ಲಿ ಇಎಂಟಿ (ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ) ಆಗಿರುವ ನನ್ನ ಯಜಮಾನರು, ಮಕ್ಕಳಿದ್ದ ಅಪಘಾತವೊಂದನ್ನು ನೋಡಿದ ಮೂರು ವಾರಗಳಿಂದ ಸರಿಯಾಗಿ ಮಲಗುತ್ತಿಲ್ಲ. ಕುಡಿಯತೊಡಗಿದ್ದಾರೆ, ಕೇಳಿದರೆ ರೇಗುತ್ತಾರೆ.)

ತಂಗೀ, ಕಂಡದ್ದೇ ಕಣ್ಣಮುಂದೆ ಬರುವುದು, ಸಣ್ಣ ಸದ್ದಿಗೂ ಬೆಚ್ಚುವುದು ಮೊದಲ ತಿಂಗಳು ಹಲವರಿಗೆ ಇದ್ದದ್ದೇ. ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ತಿಂಗಳು ದಾಟಿದರೂ ಇಳಿಯದಿದ್ದರೆ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಇರಬಹುದು, ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ.

'ಏನಾಯ್ತು, ಪೂರ್ತಿ ಹೇಳಿ' ಎಂದು ಕೆದಕಬೇಡಿ. ಒಂದೇ ಸಲ ಕೂರಿಸಿ ಎಲ್ಲವನ್ನೂ ಬಾಯಿಬಿಡಿಸುವುದರಿಂದ ಕೆಲವರಿಗೆ ಕೆಡುಕೇ ಆದದ್ದುಂಟು. 'ಊಟ ಬಡಿಸಲಾ, ಸುಮ್ಮನೆ ಕೂರಲಾ?' ಎಂದರೆ ಸಾಕು. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ ನಿಜ, ಆದರೆ ಅಮಲು ಇಳಿಯುತ್ತಲೇ ನಡುರಾತ್ರಿ ಎಚ್ಚರ, ಕೆಟ್ಟ ಕನಸು. ಅದರ ಮೇಲೆ ಮೆಡಿಕಲ್ ಶಾಪಿನ ನಿದ್ದೆಮಾತ್ರೆ ನುಂಗಿದರೆ ಉಸಿರಾಟಕ್ಕೇ ಕುತ್ತು.
– ಮನೋರೋಗ ವಿಭಾಗದ ಶುಶ್ರೂಷಕಿ, ಹಾಸನ

ಪಾಳಿ ಸರಿಯಾಗದೆ ನಿದ್ದೆ ಸರಿಹೋಗದು. ರಾತ್ರಿ ಪಾಳಿ ಬೆಳಗ್ಗೆ 8ಕ್ಕೆ ಮುಗಿಯುವುದಾದರೆ ಕೊನೆಯ ಚಹಾ ರಾತ್ರಿ 2 ಗಂಟೆಯೊಳಗೆ ಆಗಲಿ. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಮನೆಗೆ ಬರುವಾಗ ಕಪ್ಪು ಕನ್ನಡಕ, ಕಿಟಕಿಗೆ ದಪ್ಪ ಬಟ್ಟೆ, ಫೋನ್ ನಿಮ್ಮ ಹತ್ತಿರ. ಒಂದೇ ಸಮ ಮಲಗಲಾಗದಿದ್ದರೆ ಬೆಳಗ್ಗೆ ನಾಲ್ಕೂವರೆ ಗಂಟೆ, ಡ್ಯೂಟಿಗೆ ಮುಂಚೆ ಒಂದೂವರೆ ಗಂಟೆ ಎಂದು ಒಡೆಯಿರಿ.

ಗಾಡಿಯಲ್ಲಿ ಒಂದು ಹೆಚ್ಚುವರಿ ಅಂಗಿ ಇರಲಿ. ರಕ್ತದ ವಾಸನೆ ಬಟ್ಟೆಗೆ ಅಂಟಿಕೊಂಡಿದ್ದರೆ ನೆನಪು ಮತ್ತೆ ಮತ್ತೆ ಕೆರಳುತ್ತದೆ. ರೋಗಿಯನ್ನು ಆಸ್ಪತ್ರೆಗೆ ಒಪ್ಪಿಸಿ, ಸ್ಟ್ರೆಚರ್ ತೊಳೆದು, ಮುಂದಿನ ಕೇಸ್ ಬರುವ ಮೊದಲು ಪೈಲಟ್ (ಆಂಬುಲೆನ್ಸ್ ಚಾಲಕ) ಜೊತೆ ಹತ್ತು ನಿಮಿಷ ನೀರು ಕುಡಿದು ಕೂರಲಿ. ಅದೇ ದೃಶ್ಯ ಕಂಡವನು ಅವನೊಬ್ಬನೇ. ಪೂರ್ತಿ ರಜೆಗಿಂತ ಎರಡು ವಾರ ಹಗಲು ಪಾಳಿ ಕೇಳುವುದು ಮೇಲು. ಮನೆಯಲ್ಲಿ ಒಬ್ಬರೇ ಕೂತರೆ ಬಾಟಲಿಯೇ ಜೊತೆ.
– ತುರ್ತುಸೇವೆ ತರಬೇತುದಾರ, ದಾವಣಗೆರೆ

ಕೆಲಸ ಹೋದೀತೆಂಬ ಭಯವೇ ಅವರ ಬಾಯಿ ಕಟ್ಟಿರಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಎಂದಿಲ್ಲದೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಮೊದಲ ಕರೆ ನೀವೇ ಮಾಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ. ಪಿಟಿಎಸ್‌ಡಿ ಎಂದಾದರೆ ಆಘಾತಕ್ಕೆಂದೇ ಇರುವ ಸಿಬಿಟಿ (ಯೋಚನೆ, ವರ್ತನೆ ತಿದ್ದುವ ಮಾತಿನ ಚಿಕಿತ್ಸೆ) ಸಿಗುತ್ತದೆಯೇ ಕೇಳಿ: ಸಾಮಾನ್ಯವಾಗಿ 8ರಿಂದ 12 ಭೇಟಿ. ಮೊದಲೆರಡು ಭೇಟಿಯ ನಂತರ ಕನಸು ಹೆಚ್ಚಾದಂತೆ ಅನಿಸಿ ಅರ್ಧಕ್ಕೇ ಬಿಡುವವರಿದ್ದಾರೆ, ಆಗ ಬಿಡಿಸಬೇಡಿ.
– ಆಪ್ತಸಮಾಲೋಚಕಿ, ಧಾರವಾಡ