ಸಹಾಯ ಬೇಕು: ಬೂಷ್ಟು ಹಿಡಿದ ರೇಡಿಯೊ ಕ್ಯಾಸೆಟ್ ಉಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಧಾರವಾಡ ಆಕಾಶವಾಣಿಯ ಮಾತುಕತೆಗಳನ್ನು ನಮ್ಮ ತಂದೆ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಡುತ್ತಿದ್ದರು. ಒಂದು ಕ್ಯಾಸೆಟ್ಟಿನಲ್ಲಿ ಯಲ್ಲಾಪುರ ಕಡೆಯ ಸಿದ್ದಿ ಅಜ್ಜಿಯೊಬ್ಬರು ಆಫ್ರಿಕಾದಿಂದ ಬಂದ ತಮ್ಮ ಪೂರ್ವಿಕರ ಬಗ್ಗೆ, ಗುಂಗುರು ಕೂದಲು ನೋಡಿ ಸಂತೆಯಲ್ಲಿ ಜನ ಆಡಿದ ಮಾತಿನ ಬಗ್ಗೆ ಹೇಳುತ್ತಾರೆ. ನಡುವೆ ಸಿದ್ದಿಗಳ ಡೋಲು ಡಮಾಮಿಯ ಸದ್ದು ಏಳುತ್ತದೆ. ಅಷ್ಟರಲ್ಲಿ ಟೇಪ್ ಸಿಕ್ಕಿಕೊಂಡಿತು.

ಸುರುಳಿಯ ಅಂಚಿಗೆಲ್ಲ ಬಿಳಿ ಬೂಷ್ಟು. ಪೆನ್ಸಿಲ್ ತೂರಿಸಿ ತಿರುಗಿಸಿದೆ, ಹೆಡ್ ಒರೆಸಿದೆ. ಹುಬ್ಬಳ್ಳಿಯ ಅಂಗಡಿಯವರೊಬ್ಬರು ಹಾಗೆಯೇ ಓಡಿಸಿ ಎಂದರು, ಇನ್ನೊಬ್ಬರು ಮುಟ್ಟಲೇಬೇಡಿ ಎಂದರು. ನನ್ನ ಬಳಿ ಬೇರೆ ಪ್ರತಿ ಇಲ್ಲ, ಆ ದನಿ ಹೋದರೆ ಹೋಯಿತು.

ಬೂಷ್ಟು ಇರುವಾಗಲೇ ಒಮ್ಮೆ ಓಡಿಸಿ ಮೊಬೈಲಿಗೆ ಇಳಿಸಿಕೊಳ್ಳಬಹುದೇ, ಮೊದಲು ಶುಚಿ ಮಾಡಿಸಲೇಬೇಕೇ? ಅವಳಿ ನಗರದಲ್ಲಿ ಈ ಕೆಲಸ ಬಲ್ಲವರು ಎಲ್ಲಿ ಸಿಗುತ್ತಾರೆ?