ಹರಾಜಿನ ಪಟ್ಟಿಯೂ ನಮ್ಮ ಮನೆಯ ಹುಡುಗನೂ

ಕುಟುಂಬದ ಗುಂಪು, ಡಿಸೆಂಬರ್ 17, 2025

ದೊಡ್ಡಪ್ಪ, ಮಾಟುಂಗಾ:

ನಿನ್ನೆ ಅಬುಧಾಬಿಯಲ್ಲಿ ನಡೆದ ಐಪಿಎಲ್ ಹರಾಜಿನ ಪಟ್ಟಿಯೊಂದು ನನ್ನ ಫೋನಿಗೆ ಬಂದಿತ್ತು, ಅದನ್ನು ಮೇಲೆ ಹಾಕಿದ್ದೇನೆ. ಎಡಗಡೆ ಆಟಗಾರರ ಹೆಸರು, ಬಲಗಡೆ ಅವರ ಬೆಲೆ, ಎಲ್ಲಕ್ಕಿಂತ ಕೆಳಗೆ ‘ಮಾರಾಟವಾಗದವರು’ ಎಂಬ ತಲೆಬರಹದಡಿ ಉಳಿದವರ ಹೆಸರುಗಳಿವೆ. ಚಿಕ್ಕಂದಿನಲ್ಲಿ ಅಪ್ಪನ ಕೈ ಹಿಡಿದು ಹಾವೇರಿಯ ದನದ ಸಂತೆಗೆ ಹೋದವನು ನಾನು. ಅಲ್ಲಿ ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಿದ್ದರು, ಗಿರಾಕಿ ಸಿಗದ ಎತ್ತನ್ನು ಹೊತ್ತು ಮುಳುಗುವಾಗ ಸುಮ್ಮನೆ ಹೊಡೆದುಕೊಂಡು ಮನೆಗೆ ಬರುತ್ತಿದ್ದರು. ಮಾನ ಹರಾಜಾಯಿತು ಎಂದು ನಾವು ಸಂಕಟದಿಂದ ಆಡುವ ಮಾತು. ಈಗ ಮಕ್ಕಳು ಹರಾಜಿಗೆ ಹೋಗುವುದನ್ನೇ ಕನಸು ಕಾಣುತ್ತಿದ್ದಾರೆ. ಇದನ್ನು ನಾನು ಒಪ್ಪಲಾರೆ.

ಅಣ್ಣ, ಪುಣೆ:

ದೊಡ್ಡಪ್ಪ, ಹರಾಜಾಗುವುದು ಮನುಷ್ಯನಲ್ಲ, ಒಂದು ಋತುವಿನ ಅವನ ಆಟ. ಕೂಗು ಶುರುವಾಗುವ ತನ್ನ ಮೂಲಬೆಲೆಯನ್ನು ಆಟಗಾರನೇ ಬರೆದು, ತಾನೇ ಸಹಿ ಹಾಕಿ ಹೆಸರು ಕೊಡುತ್ತಾನೆ. ಉತ್ತರ ಪ್ರದೇಶದ ಪ್ರಶಾಂತ್ ವೀರ್ ಮತ್ತು ರಾಜಸ್ಥಾನದ ಕಾರ್ತಿಕ್ ಶರ್ಮಾ, ಭಾರತ ತಂಡಕ್ಕೆ ಇನ್ನೂ ಆಡದ ಇಬ್ಬರು ಹುಡುಗರು, 30 ಲಕ್ಷದ ಮೂಲಬೆಲೆಯಿಂದ ತಲಾ 14.20 ಕೋಟಿಗೆ ಏರಿದರು. ಕಂಪನಿಗಳು ನಮ್ಮ ಸಂಬಳವನ್ನು ಮುಚ್ಚಿದ ಕೋಣೆಯಲ್ಲಿ ನಿಗದಿ ಮಾಡುತ್ತವೆ, ಇವರದನ್ನು ತೆರೆದ ಸಭೆಯಲ್ಲಿ ಮಾಡಿದರು. ಇದರಲ್ಲಿ ಅವಮಾನ ಎಲ್ಲಿದೆ?

ನಾನು, ಡೊಂಬಿವಲಿ:

ದೊಡ್ಡಪ್ಪ, ನಿಮ್ಮ ಸಂತೆಯ ಮಾತನ್ನೇ ಹಿಡಿದು ಮುಂದುವರಿಯುತ್ತೇನೆ, ಏಕೆಂದರೆ ಅದರಲ್ಲಿ ನೀವು ಒಂದು ವಿವರವನ್ನು ಬಿಟ್ಟಿದ್ದೀರಿ. ಸಂತೆಯಲ್ಲಿ ದಲ್ಲಾಳಿ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದನೆಂದು ನೀವೇ ನಮಗೆ ತೋರಿಸಿಕೊಟ್ಟಿದ್ದಿರಿ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ಏನು ನಡೆಯಿತೆಂಬುದು ಪಕ್ಕದಲ್ಲಿ ನಿಂತವನಿಗೂ ತಿಳಿಯುತ್ತಿರಲಿಲ್ಲ. ಕ್ರಿಕೆಟ್ ಆಡುವವರ ಹೊಟ್ಟೆಪಾಡು ಮುಂಬೈಯಲ್ಲಿ ಬಹುಕಾಲ ಆ ಟವಲಿನ ಕೆಳಗೇ ನಡೆಯಿತು. ಕಚೇರಿ ತಂಡಗಳ ನಡುವಿನ ಟೈಮ್ಸ್ ಶೀಲ್ಡ್ ಟೂರ್ನಿ ಆಡುವ ಕಚೇರಿಗಳು ಆಟಗಾರರಿಗೆ ನೌಕರಿ ಕೊಡುತ್ತಿದ್ದವು. ಆ ನೌಕರಿಯೇ ಅವರ ಸಂಬಳ, ಪಿಂಚಣಿ, ಎಲ್ಲ. ಯಾರಿಗೆ ಕೊಟ್ಟರು, ಏಕೆ ಕೊಟ್ಟರು ಎಂದು ಕೇಳುವ ಹಾಗಿರಲಿಲ್ಲ.

ನನ್ನ ವಿಷಯವನ್ನು ಈ ಗುಂಪಿನಲ್ಲಿ ಎಂದೂ ಬರೆದಿಲ್ಲ, ಇಂದು ಬರೆಯುತ್ತೇನೆ. ನನಗೆ ಇಪ್ಪತ್ತೊಂದು ವರ್ಷವಾಗಿದ್ದಾಗ ಒಂದು ಕಚೇರಿಯ ಕ್ರೀಡಾ ಕೋಟಾದ ಆಯ್ಕೆಗೆ ಕ್ರಾಸ್ ಮೈದಾನಕ್ಕೆ ಹೋಗಿದ್ದೆ. ಎರಡು ದಿನ ಬೌಲಿಂಗ್ ಮಾಡಿ ಏಳು ವಿಕೆಟ್ ಪಡೆದೆ, ಮುಂದಿನ ವಾರ ಪತ್ರ ಬರುತ್ತದೆ ಎಂದರು. ಬರಲಿಲ್ಲ. ವಿಚಾರಿಸಲು ಹೋದಾಗ ಜಾಗ ತುಂಬಿದೆ ಎಂದಷ್ಟೇ ಹೇಳಿದರು, ಆ ಎರಡು ದಿನ ಮೈದಾನಕ್ಕೇ ಬಾರದ ಒಬ್ಬ ಹುಡುಗ ಆ ಜಾಗದಲ್ಲಿದ್ದ. ನನಗಿಂತ ಅವನು ಉತ್ತಮ ಆಟಗಾರನೇ ಇದ್ದಿರಬಹುದು, ಆದರೆ ಅದನ್ನು ತಿಳಿಯುವ ದಾರಿಯೇ ನನಗೆ ಇರಲಿಲ್ಲ ಎಂಬ ನೋವು ಇಂದಿಗೂ ಹೋಗಿಲ್ಲ. ಹೀಗಾಗಿ ಎಲ್ಲರ ಕಣ್ಣೆದುರು ಸುತ್ತಿಗೆ ಬೀಳುವ ಹರಾಜನ್ನು ನಾನು ಸುಲಭವಾಗಿ ಹಳಿಯಲಾರೆ. ಧಾರಾವಿಯ ಸಿಮ್ರನ್ ಶೇಖ್ ಅವರನ್ನೇ ನೋಡಿ. 2024ರ ಡಿಸೆಂಬರಿನಲ್ಲಿ ಮಹಿಳೆಯರ ಲೀಗಿನ ಹರಾಜು ಬೆಂಗಳೂರಿನಲ್ಲಿ ನಡೆದಾಗ 10 ಲಕ್ಷದ ಮೂಲಬೆಲೆಯ ಆ ಹುಡುಗಿಗೆ ಗುಜರಾತ್ ತಂಡ 1.90 ಕೋಟಿ ಕೊಟ್ಟಿತು. ಅವರ ಪರವಾಗಿ ಶಿಫಾರಸು ಪತ್ರ ಹಿಡಿದು ಯಾರೂ ಯಾವ ಬಾಗಿಲಿಗೂ ಹೋಗಬೇಕಾಗಲಿಲ್ಲ.

ಅಣ್ಣ, ಪುಣೆ:

ಇದನ್ನೇ ನಾನು ಹೇಳುತ್ತಿರುವುದು. ಮಾರುಕಟ್ಟೆ ಯೋಗ್ಯತೆಯನ್ನು ಗುರುತಿಸುತ್ತದೆ.

ನಾನು, ಡೊಂಬಿವಲಿ:

ಇಲ್ಲ ಅಣ್ಣ, ಆ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಹರಾಜು ಬೆಲೆಯನ್ನು ಬಹಿರಂಗಪಡಿಸುತ್ತದೆ ಎಂಬುದು ಬೇರೆ, ಯೋಗ್ಯತೆಯನ್ನು ಅಳೆಯುತ್ತದೆ ಎಂಬುದು ಬೇರೆ. ನಿನ್ನೆಯ 14.20 ಕೋಟಿ ಎಲ್ಲಿಂದ ಬಂತು ಎಂದು ಸ್ವಲ್ಪ ಬಿಡಿಸಿ ನೋಡು. ಆ ಇಬ್ಬರನ್ನೂ ಕೊಂಡ ಚೆನ್ನೈ ತಂಡ ಕಳೆದ ತಿಂಗಳಷ್ಟೇ ರವೀಂದ್ರ ಜಡೇಜಾ ಅವರನ್ನು ರಾಜಸ್ಥಾನಕ್ಕೆ ಬಿಟ್ಟುಕೊಟ್ಟು ಸಂಜು ಸ್ಯಾಮ್ಸನ್ ಅವರನ್ನು ತಂದಿತು. ಎಡಗೈ ಸ್ಪಿನ್ ಹಾಕಿ ಕೆಳಕ್ರಮಾಂಕದಲ್ಲಿ ಬ್ಯಾಟ್ ಬೀಸುವವನ ಜಾಗ ಅಲ್ಲಿ ಖಾಲಿಯಾಯಿತು, ಕೈಯಲ್ಲಿ 43.40 ಕೋಟಿ ಇತ್ತು, ಪ್ರಶಾಂತ್ ವೀರ್ ಅದೇ ಅಚ್ಚಿನ ಆಟಗಾರ. ಮುಂಬೈ ಇಂಡಿಯನ್ಸ್ ಕೈಯಲ್ಲಿ ಇದ್ದದ್ದು 2.75 ಕೋಟಿ ಮಾತ್ರ. ಅವನನ್ನು ಅವರು ಎಷ್ಟೇ ಮೆಚ್ಚಿದ್ದರೂ ಆ ಮೆಚ್ಚುಗೆ ಬೆಲೆಯಲ್ಲಿ ಕಾಣುವ ಸಾಧ್ಯತೆಯೇ ಇರಲಿಲ್ಲ. ಒಂದು ತಂಡದಲ್ಲಿ ಬಿದ್ದ ಕಂದಕ, ಅದರ ಥೈಲಿಯಲ್ಲಿ ಉಳಿದ ಹಣ, ಅದೇ ಕ್ಷಣದಲ್ಲಿ ಬೆಲೆ ಕೂಗಲು ಫಲಕ ಎತ್ತುವ ಇನ್ನೊಂದು ತಂಡ, ಈ ಮೂರೂ ಕೂಡಿದಾಗ ಬೆಲೆ ಏರುತ್ತದೆ. ಹುಡುಗನ ಪ್ರತಿಭೆಯ ಪಾಲು ಅದರಲ್ಲಿ ಖಂಡಿತ ಇದೆ, ಆದರೆ ಎಷ್ಟೆಂದು ಸುತ್ತಿಗೆ ಹೇಳುವುದಿಲ್ಲ.

ನಮ್ಮ ಕರ್ನಾಟಕದ ಆಟಗಾರರ ಕತೆಗಳೇ ಇದಕ್ಕೆ ಸಾಕ್ಷಿ. 2015ರಲ್ಲಿ ಕೊಡಗಿನ ಕೆ.ಸಿ. ಕಾರಿಯಪ್ಪ ಅವರನ್ನು, ಆಗಿನ್ನೂ ಪ್ರಥಮ ದರ್ಜೆಯ ಒಂದು ಪಂದ್ಯವನ್ನೂ ಆಡದ ಲೆಗ್ ಸ್ಪಿನ್ನರನ್ನು, 10 ಲಕ್ಷದ ಮೂಲಬೆಲೆಯಿಂದ 2.40 ಕೋಟಿಗೆ ಕೋಲ್ಕತ್ತಾ ಕೊಂಡಿತು. ಆ ವರ್ಷ ಅವರು ಆಡಿದ್ದು ಒಂದೇ ಪಂದ್ಯ. 2021ರಲ್ಲಿ ಕೆ. ಗೌತಮ್ ಅವರಿಗೆ ಚೆನ್ನೈ 9.25 ಕೋಟಿ ಕೊಟ್ಟಿತು, ಅಂದಿಗೆ ಭಾರತಕ್ಕೆ ಆಡದ ಆಟಗಾರನಿಗೆ ಸಂದ ಅತಿ ಹೆಚ್ಚಿನ ಮೊತ್ತ ಅದು. ಆ ಋತುವಿನಲ್ಲಿ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ, ತಂಡ ಪ್ರಶಸ್ತಿ ಗೆದ್ದಿತು. ಇನ್ನೊಂದು ಕಡೆ ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ್ ಅವರನ್ನು 2023ರಲ್ಲಿ ಮಹಿಳೆಯರ ಲೀಗಿನ ಬೆಂಗಳೂರು ತಂಡ ಕೇವಲ 10 ಲಕ್ಷಕ್ಕೆ, ಮೂಲಬೆಲೆಗೇ ಪಡೆಯಿತು. ಮರುವರ್ಷ 13 ವಿಕೆಟ್ ಪಡೆದು ಲೀಗಿನಲ್ಲೇ ಮೊದಲಿಗರಾದವರು ಅವರೇ, ಫೈನಲ್ ಪಂದ್ಯದಲ್ಲಿ 12 ರನ್ನಿಗೆ ನಾಲ್ಕು ವಿಕೆಟ್ ಕಿತ್ತು ಬೆಂಗಳೂರಿಗೆ ಕಪ್ ತಂದವರೂ ಅವರೇ.

ಇನ್ನು ಮಾರಾಟವಾಗದವರ ವಿಷಯ. ಆಜಾದ್ ಮೈದಾನದ ಮಣ್ಣಿನಲ್ಲೇ ಬೆಳೆದ ಸರ್ಫರಾಜ್ ಖಾನ್ 2024ರ ಅಕ್ಟೋಬರಿನಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ವಿರುದ್ಧ 150 ಹೊಡೆದರು. ಮರುತಿಂಗಳು ಜೆದ್ದಾದಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ಅವರಿಗಾಗಿ ಒಂದು ಫಲಕವೂ ಮೇಲೇಳಲಿಲ್ಲ. ಅದೇ ಹರಾಜಿನಲ್ಲಿ ಉಳಿದುಹೋದ ಮಯಂಕ್ ಅಗರ್ವಾಲ್ ಮೇ ತಿಂಗಳಲ್ಲಿ ದೇವದತ್ತ ಪಡಿಕ್ಕಲ್ ಗಾಯಗೊಂಡ ಕಾರಣ ಬೆಂಗಳೂರು ತಂಡಕ್ಕೆ ಬಂದರು, ಜೂನ್ 3ರಂದು ಆ ತಂಡ ಹದಿನೆಂಟು ವರ್ಷಗಳ ಬಳಿಕ ಮೊದಲ ಸಲ ಕಪ್ ಎತ್ತಿದಾಗ ಅವರು ಹನ್ನೊಂದರ ಬಳಗದಲ್ಲಿದ್ದರು. ನಿನ್ನೆ ಸರ್ಫರಾಜ್ ಅವರನ್ನು ಚೆನ್ನೈ 75 ಲಕ್ಷಕ್ಕೆ ತೆಗೆದುಕೊಂಡಿದೆ. ಈ ಒಂದು ವರ್ಷದಲ್ಲಿ ಆ ಮನುಷ್ಯನ ಯೋಗ್ಯತೆ ಶೂನ್ಯದಿಂದ 75 ಲಕ್ಷಕ್ಕೆ ಏರಿತು ಎಂದು ಯಾರಾದರೂ ಹೇಳಲು ಸಾಧ್ಯವೇ?

ವೈನಿ, ಮುಲುಂಡ್:

ನೀವೆಲ್ಲ ಮಾತನಾಡುತ್ತಿರುವುದು ಟಿವಿಯಲ್ಲಿ ಕಂಡವರ ಬಗ್ಗೆ. ನಾನು ನಮ್ಮ ಮನೆಯ ಹುಡುಗನ ಬಗ್ಗೆ ಹೇಳುತ್ತೇನೆ. ನಿನ್ನೆ ಮಧ್ಯಾಹ್ನದಿಂದ ರಾತ್ರಿಯವರೆಗೆ ಅವನು ಟಿವಿ ಮುಂದಿನಿಂದ ಕದಲಲಿಲ್ಲ, ಊಟದ ತಟ್ಟೆ ಇಟ್ಟಲ್ಲೇ ಇತ್ತು. ಇಂದು ಬೆಳಿಗ್ಗೆ ಅವನ ಕಿಟ್ ಬ್ಯಾಗನ್ನು ಬಿಸಿಲಿಗೆ ಹಾಕಲು ತೆರೆದಾಗ ಮುಚ್ಚಳದ ಒಳಮೈಯಲ್ಲಿ ತನ್ನ ಹೆಸರು, ಅದರ ಮುಂದೆ ‘30 ಲಕ್ಷ’ ಎಂದು ಪೆನ್ನಿನಲ್ಲಿ ಬರೆದಿರುವುದನ್ನು ಕಂಡೆ. ಅವನಿಗೆ ಹದಿನೇಳು ವರ್ಷ. ಮೊದಲೆಲ್ಲ ಮನೆಗೆ ಬಂದು ಎಷ್ಟು ಹೊತ್ತು ಕ್ರೀಸಿನಲ್ಲಿ ನಿಂತೆ ಎಂದು ಹೇಳುತ್ತಿದ್ದ, ಈಗ ಎಷ್ಟು ಸಿಕ್ಸರ್ ಹೋಯಿತು ಎಂದು ಮಾತ್ರ ಹೇಳುತ್ತಾನೆ. ಆ ಪಟ್ಟಿಯ ಕೊನೆಯಲ್ಲಿರುವ ಹೆಸರುಗಳಿಗೂ ತಾಯಂದಿರಿದ್ದಾರೆ ಎಂಬುದಷ್ಟೇ ನನಗೆ ಹೊಳೆಯುತ್ತಿದೆ.

ದೊಡ್ಡಪ್ಪ, ಮಾಟುಂಗಾ:

ಇದೇ ನನ್ನ ಆತಂಕ. ಟವಲಿನ ಕೆಳಗೆ ನಡೆದ ವ್ಯಾಪಾರದಲ್ಲಿ ಅನ್ಯಾಯವಿತ್ತು, ಒಪ್ಪುತ್ತೇನೆ. ಆದರೆ ಸೋತವನ ಮುಖವನ್ನು ಊರೆಲ್ಲ ನೋಡುತ್ತಿರಲಿಲ್ಲ.

ನಾನು, ಡೊಂಬಿವಲಿ:

ವೈನಿ, ನಿಮ್ಮ ಮಾತನ್ನು ಎರಡು ಸಲ ಓದಿದೆ. ದೊಡ್ಡಪ್ಪ, ನಿಮ್ಮ ಈ ಮಾತು ನ್ಯಾಯವಾದದ್ದು, ಇದಕ್ಕೆ ನನ್ನ ಬಳಿ ಪ್ರತಿವಾದವಿಲ್ಲ. ಗೆದ್ದ ಬೆಲೆಯನ್ನು ಸಾರುವುದು ಅಗತ್ಯ, ಏಕೆಂದರೆ ಎಲ್ಲ ತಂಡಗಳೂ ಒಂದೇ ಮಿತಿಯೊಳಗೆ ಖರ್ಚು ಮಾಡುತ್ತಿವೆಯೇ ಎಂಬುದು ಅದರಿಂದಲೇ ತಿಳಿಯುತ್ತದೆ. ಯಾರೂ ಕೇಳದ ಹೆಸರನ್ನು ಕೋಟಿಗಟ್ಟಲೆ ಜನರೆದುರು ಕೂಗಿ, ಎರಡು ಕ್ಷಣ ಕಾದು, ಉಳಿದುಹೋಯಿತೆಂದು ಘೋಷಿಸುವುದರಿಂದ ಯಾರಿಗೆ ಯಾವ ನ್ಯಾಯವೂ ದೊರೆಯುವುದಿಲ್ಲ. ಇದನ್ನು ತಪ್ಪಿಸುವ ದಾರಿ ಈಗಿನ ಪದ್ಧತಿಯಲ್ಲೇ ಇದೆ. ಕೊನೆಯ ವೇಗದ ಸುತ್ತಿನಲ್ಲಿ ತಂಡಗಳು ತಮಗೆ ಬೇಕಾದ ಹೆಸರುಗಳನ್ನು ಮೊದಲೇ ಬರೆದುಕೊಡುತ್ತವೆ, ಆ ಹೆಸರುಗಳನ್ನು ಮಾತ್ರ ಕೂಗುತ್ತಾರೆ. ಅದನ್ನೇ ಮೊದಲ ಸುತ್ತಿನಿಂದಲೂ ಪಾಲಿಸಿದರೆ ಸಾಕು. ಜೆದ್ದಾ ಹರಾಜಿಗೆ 1,574 ಮಂದಿ ಹೆಸರು ಕೊಟ್ಟಿದ್ದರು, ಪ್ರಕಟವಾದ ಪಟ್ಟಿಯಲ್ಲಿ 574 ಹೆಸರುಗಳಿದ್ದವು, ತಂಡ ಸೇರಿದವರು 182. ಪಟ್ಟಿಗೇ ಬಾರದ ಸಾವಿರ ಮಂದಿಯ ಹೆಸರನ್ನು ಯಾರೂ ಕೂಗಲಿಲ್ಲ. ಆ ಮರ್ಯಾದೆ ಉಳಿದವರಿಗೂ ಸಲ್ಲಲಿ.

ಅಣ್ಣ, ಪುಣೆ:

ಹಾಗಾದರೆ ಇಂಗ್ಲೆಂಡಿನ ‘ದಿ ಹಂಡ್ರೆಡ್’ ಶುರುವಾದಾಗ ಮಾಡಿದಂತೆ, ನಿಗದಿತ ಸಂಬಳದ ಶ್ರೇಣಿಗಳನ್ನು ಇಟ್ಟು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಕ್ರಮವೇ ಲೇಸಲ್ಲವೇ?

ನಾನು, ಡೊಂಬಿವಲಿ:

ಅಲ್ಲಿ ಏರುವ ಅವಕಾಶವೇ ಆಟಗಾರನಿಗೆ ಇರುವುದಿಲ್ಲ, ಮಾಲೀಕರ ಹಣ ಮಾತ್ರ ಉಳಿಯುತ್ತದೆ. ಮಿತಿ ಹೇರಿದಾಗ ಏನಾಗುತ್ತದೆಂಬುದಕ್ಕೆ ನಿನ್ನೆಯೇ ಉದಾಹರಣೆಯಿದೆ. ಕ್ಯಾಮರೂನ್ ಗ್ರೀನ್ ಅವರಿಗೆ ಕೋಲ್ಕತ್ತಾ 25.20 ಕೋಟಿ ಕೂಗಿತು, ದೊಡ್ಡ ಹರಾಜುಗಳ ನಡುವಿನ ವರ್ಷಗಳಲ್ಲಿ ನಡೆಯುವ ಇಂಥ ಸಣ್ಣ ಹರಾಜಿನಲ್ಲಿ ವಿದೇಶಿ ಆಟಗಾರನಿಗೆ ವಿಧಿಸಿರುವ ನಿಯಮದಂತೆ ಅವರ ಕೈಗೆ ಬರುವುದು 18 ಕೋಟಿ, ಉಳಿದದ್ದು ಆಟಗಾರರ ಕ್ಷೇಮನಿಧಿಗೆಂದು ಕ್ರಿಕೆಟ್ ಮಂಡಳಿಗೆ ಹೋಗುತ್ತದೆ.

ನನ್ನ ನಿಜವಾದ ತಕರಾರು ಹರಾಜಿನ ಹೊರಗಿರುವುದರ ಬಗ್ಗೆ. ರಾಜ್ಯ ತಂಡಗಳ ರಣಜಿ ಟ್ರೋಫಿ ಆಡುವ ಹೊಸ ಹುಡುಗನಿಗೆ ದಿನಕ್ಕೆ 40,000 ರೂಪಾಯಿ, ನಲವತ್ತಕ್ಕಿಂತ ಹೆಚ್ಚು ಪಂದ್ಯ ಆಡಿದವನಿಗೆ 60,000. ನಾಲ್ಕು ದಿನಗಳ ಏಳು ಲೀಗ್ ಪಂದ್ಯಗಳನ್ನೂ ಹೊಸ ಹುಡುಗ ಆಡಿದರೆ 11.20 ಲಕ್ಷವಾಗುತ್ತದೆ, ಹನ್ನೊಂದರ ಹೊರಗೆ ಕುಳಿತರೆ ಅದರಲ್ಲಿ ಅರ್ಧ. 14.20 ಕೋಟಿಯನ್ನು ಆ ಲೆಕ್ಕದಲ್ಲಿ ದುಡಿಯಬೇಕಾದರೆ ಸುಮಾರು 127 ಋತುಗಳು ಬೇಕು. ಈ ಅಂತರವಿರುವವರೆಗೆ ನಮ್ಮ ಹುಡುಗ ಬ್ಯಾಗಿನ ಮುಚ್ಚಳದಲ್ಲಿ ‘30 ಲಕ್ಷ’ ಎಂದು ಬರೆಯದೆ ಇನ್ನೇನು ಬರೆದಾನು? 2023ರಿಂದ ಐದು ವರ್ಷಗಳ ಐಪಿಎಲ್ ಪ್ರಸಾರದ ಹಕ್ಕುಗಳನ್ನೇ ಮಂಡಳಿ 48,390 ಕೋಟಿಗೆ ಮಾರಿದೆ. ರಣಜಿ ಆಟಗಾರನಿಗೆ ವರ್ಷದ ಒಪ್ಪಂದ ಕೊಟ್ಟು ಮನೆ ನಡೆಯುವಷ್ಟು ಸಂಬಳವನ್ನು ಖಾತ್ರಿಪಡಿಸಲು ಅದಕ್ಕೆ ಹಣದ ಅಡ್ಡಿಯಿಲ್ಲ. ಹಾಗಾದಾಗ ಹರಾಜು ಬಂದರೆ ಸಂತೋಷ, ಬಾರದಿದ್ದರೂ ಬದುಕಿದೆ ಎಂದು ಹುಡುಗರು ಧೈರ್ಯವಾಗಿ ನಾಲ್ಕು ದಿನದ ಆಟ ಆಡಿಯಾರು.

ನಾನು ಭಾನುವಾರಗಳಲ್ಲಿ ಮೈದಾನದಲ್ಲಿ ಸ್ಕೋರ್ ಬರೆಯುವುದು ನಿಮಗೆಲ್ಲ ಗೊತ್ತು. ಕಳೆದ ವಾರ ಅವನ ಕ್ಲಬ್ ಪಂದ್ಯಕ್ಕೂ ನಾನೇ ಕುಳಿತಿದ್ದೆ. ಹೊಸ ಚೆಂಡು ಎರಡೂ ಕಡೆ ತಿರುಗುತ್ತಿತ್ತು. ಆಫ್ ಸ್ಟಂಪಿನ ಹೊರಗಿನ ಚೆಂಡುಗಳನ್ನು ಒಂದಾದ ಮೇಲೊಂದು ಬಿಡುತ್ತ ಹೋದ, ನನ್ನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ರನ್ನಿಲ್ಲದ ಎಸೆತಕ್ಕೊಂದರಂತೆ ಸಾಲಾಗಿ ಇಪ್ಪತ್ತಮೂರು ಚುಕ್ಕೆಗಳು ಬಿದ್ದವು. ಇಪ್ಪತ್ತನಾಲ್ಕನೆಯದನ್ನು ಕವರ್ ಕಡೆ ನಾಲ್ಕಕ್ಕೆ ಅಟ್ಟಿದ. ವೈನಿ, ಅವನಲ್ಲಿ ಆ ಆಟ ಇನ್ನೂ ಇದೆ. ಆ ಚುಕ್ಕೆಗಳ ಬಗ್ಗೆ ಮನೆಯಲ್ಲಿ ಯಾರೂ ಕೇಳದ್ದರಿಂದ ಅವನು ಹೇಳುತ್ತಿಲ್ಲ ಅಷ್ಟೆ. ಜನವರಿಯಲ್ಲಿ ಮದುವೆಗೆ ಎಲ್ಲರೂ ಹಾವೇರಿಯಲ್ಲಿ ಸೇರುತ್ತೇವೆ. ಅಲ್ಲಿ ದಯವಿಟ್ಟು ಯಾರೂ ಅವನ ಭುಜ ತಟ್ಟಿ ‘ನಿನ್ನ ರೇಟು ಎಷ್ಟಪ್ಪಾ’ ಎಂದು ಕೇಳಬೇಡಿ. ದೀಪಾವಳಿಗೆ ನಾವೆಲ್ಲ ಕೇಳಿದ್ದೆವು, ನಾನೂ ಕೇಳಿದ್ದೆ.

ದೊಡ್ಡಪ್ಪ, ಮಾಟುಂಗಾ:

ನಾನು ಹಾಕಿದ ಪಟ್ಟಿಯನ್ನು ಗುಂಪಿನಿಂದ ತೆಗೆದಿದ್ದೇನೆ, ಅವನೂ ಈ ಗುಂಪಿನಲ್ಲಿ ಇದ್ದಾನೆ ಎಂಬುದು ಮರೆತೇಹೋಗಿತ್ತು. ಅವನ ಮುಂದಿನ ಪಂದ್ಯ ಎಂದು, ಎಲ್ಲಿ?

ವೈನಿ, ಮುಲುಂಡ್:

ಬರುವ ಭಾನುವಾರ, ಆಜಾದ್ ಮೈದಾನದಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ.

ನಾನು, ಡೊಂಬಿವಲಿ:

ಅಲ್ಲಿ ಇಪ್ಪತ್ತೆರಡು ಪಿಚ್‌ಗಳಿವೆ ದೊಡ್ಡಪ್ಪ, ಒಬ್ಬರೇ ಹುಡುಕಲು ಹೋಗಬೇಡಿ. ಎಂಟೂವರೆಗೆ ಸಿಎಸ್‌ಎಂಟಿ ನಿಲ್ದಾಣದ ಗಡಿಯಾರದ ಕೆಳಗೆ ನಿಂತಿರುತ್ತೇನೆ, ಜೊತೆಯಲ್ಲಿ ಹೋಗೋಣ.